ಹೊಯ್ಸಳ ಶಿಲ್ಪಗಳ ಛಾಯಾಚಿತ್ರ ಸಂಗ್ರಹಗಳೂ ಅವುಗಳ ನಿರ್ವಹಣೆಯೂ

೧

ದೇವಾಲಯಗಳ ಇತಿಹಾಸವನ್ನು ಬರೆಯುವವರಿಗೆ ಶಾಸನವೂ ಶಿಲ್ಪವೂ ಮೂಲಸಾಮಗ್ರಿಗಳೆಂಬುದು ಎಲ್ಲರೂ ಒಪ್ಪಿದ ಮಾತು. ಇವೆರಡರ ಜೊತೆಗೆ ಮೂರನೆಯ ಸಾಮಗ್ರಿಯೊಂದು ಕಳೆದ ನೂರ ಅರವತ್ತು ವರ್ಷಗಳಿಗೂ ಮೇಲ್ಪಟ್ಟು ಬೆಳೆಯುತ್ತ ಬಂದಿದೆ, ಅದೇ ಛಾಯಾಚಿತ್ರ. ಶಾಸನಗಳನ್ನು ಪಡಿಯಚ್ಚು ತೆಗೆಯುವ, ಓದುವ, ಸಂಖ್ಯೆ ಕೊಟ್ಟು ಪ್ರಕಟಿಸುವ ಕ್ರಮವನ್ನು ನಮ್ಮ ವಿದ್ವಾಂಸರು ಬಹು ಹಿಂದೆಯೇ ನೆಲೆಗೊಳಿಸಿದರು. ಛಾಯಾಚಿತ್ರಗಳ ವಿಷಯದಲ್ಲಿ ಅಷ್ಟು ಎಚ್ಚರಿಕೆಯನ್ನು ಎಲ್ಲರೂ ವಹಿಸಿಲ್ಲ. ಚಿತ್ರವನ್ನು ಪುಸ್ತಕದ ಅಲಂಕಾರವೆಂದು ಭಾವಿಸುವವರೇ ಹೆಚ್ಚು. ಅದನ್ನು ಆಧಾರಪತ್ರವೆಂದು ಬಗೆದು, ಅದರ ಕಾಲ ಕರ್ತೃ ಸ್ಥಳಗಳನ್ನು ನಿರ್ಣಯಿಸಿ ಇಡುವವರು ವಿರಳ.

ಗಾಜಿನ ಫಲಕಗಳ ಕಾಲದಲ್ಲಿ ವರ್ಷಕ್ಕೆ ಕೆಲವು ನೂರು ಚಿತ್ರಗಳನ್ನು ತೆಗೆಯುವುದೇ ದೊಡ್ಡ ಕೆಲಸವಾಗಿತ್ತು. ಇಂದು ಇಬ್ಬರು ವಿದ್ಯಾರ್ಥಿಗಳು ಒಂದು ವಾರದಲ್ಲಿ ಸಾವಿರಾರು ಚಿತ್ರಗಳನ್ನು ತರಬಲ್ಲರು. ಇಷ್ಟನ್ನು ಕೈಬರಹದ ಪುಸ್ತಕದಲ್ಲಿ ಹಿಡಿದಿಡುವುದು ಸಾಧ್ಯವಿಲ್ಲವಾಗಿ, ಗಣಕಯಂತ್ರದ ತಂತ್ರಾಂಶಗಳ ನೆರವು ಅನಿವಾರ್ಯವಾಗಿದೆ. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಯಂತ್ರಜ್ಞರಿಗೆ ಬಿಟ್ಟುಕೊಡುತ್ತೇವೆ. ಆದರೆ ಇದು ಮೂಲತಃ ಇತಿಹಾಸಕಾರನ ಪ್ರಶ್ನೆ. ಪ್ರಕೃತ ಲೇಖನದಲ್ಲಿ ಬೇಲೂರು ಹಳೇಬೀಡುಗಳ ಛಾಯಾಚಿತ್ರಣದ ಚರಿತ್ರೆಯನ್ನು ಸಂಕ್ಷೇಪವಾಗಿ ಪರಿಶೀಲಿಸಿ, ಅದರಿಂದ ದೊರೆಯುವ ತತ್ತ್ವಗಳ ಬಲದಿಂದ, ಬೇಲೂರು ತಾಲ್ಲೂಕಿನ ಬಿಕ್ಕೋಡು ಹೋಬಳಿಯಂತಹ ಕ್ಷೇತ್ರದಲ್ಲಿ ದೊಡ್ಡ ಪ್ರಮಾಣದ ಚಿತ್ರಸರ್ವೇಕ್ಷಣೆಯನ್ನು ಕೈಗೊಳ್ಳುವವರು ಎಂತಹ ತಂತ್ರಾಂಶವನ್ನು ಆರಿಸಿಕೊಳ್ಳಬೇಕೆಂಬುದನ್ನು ವಿವೇಚಿಸಲಾಗಿದೆ.

೨

ಹೊಯ್ಸಳ ದೇವಾಲಯಗಳ ಮೊದಲ ಛಾಯಾಚಿತ್ರಗಳು ಹತ್ತೊಂಬತ್ತನೆಯ ಶತಮಾನದ ಆರನೆಯ ದಶಕಕ್ಕೆ ಸೇರಿದವು. ಕ್ಯಾಪ್ಟನ್ ರಿಚರ್ಡ್ ಬ್ಯಾನರ್ ಓಕ್ಲೀ ಎಂಬಾತನು ಹಳೇಬೀಡಿನ ದೇವಾಲಯವನ್ನು ಕುರಿತು ೫೬ ಛಾಯಾಚಿತ್ರಗಳ ಸಂಪುಟವೊಂದನ್ನು ೧೮೫೯ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಅನಂತರ ೧೮೬೬ರಲ್ಲಿ ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ಬೃಹತ್ ಗ್ರಂಥವು ಜಾನ್ ಮರ್ರೆ ಸಂಸ್ಥೆಯಿಂದ ಹೊರಬಂದಿತು. ಅದಕ್ಕೆ ಚಿತ್ರಗಳನ್ನು ಒದಗಿಸಿದವರು ಮೂವರು: ಬೊಂಬಾಯಿ ವೈದ್ಯಶಾಖೆಯ ಡಾಕ್ಟರ್ ಪಿಗೂ, ವೈದ್ಯನೇ ಆಗಿದ್ದ ಎ. ಸಿ. ಬಿ. ನೀಲ್, ಫಿರಂಗಿದಳದ ಕರ್ನಲ್ ಬಿಗ್ಸ್. ಚಾರಿತ್ರಿಕ ಪೀಠಿಕೆಯನ್ನು ಮೆಡೋಸ್ ಟೈಲರನೂ ವಾಸ್ತುವಿನ ಟಿಪ್ಪಣಿಗಳನ್ನು ಜೇಮ್ಸ್ ಫರ್ಗುಸನ್ನನೂ ಬರೆದರು. ಬೊಂಬಾಯಿಯ ವರ್ತಕ ಪ್ರೇಮಚಂದ ರಾಯಚಂದನು ಪ್ರಕಟಣೆಯ ಪೋಷಕನಾಗಿದ್ದನು.

ಈ ಸಂಪುಟವನ್ನು ಆಧಾರವಾಗಿ ಬಳಸುವವನು ಮೂರು ತೊಡಕುಗಳನ್ನು ಎದುರಿಸಬೇಕಾಗುತ್ತದೆ. ಮೊದಲನೆಯದು ಕಾಲದ ತೊಡಕು. ಗ್ರಂಥ ಹೊರಬಂದದ್ದು ೧೮೬೬ರಲ್ಲಿ. ಪಿಗೂ ಅದಕ್ಕೆ ಮುಂಚೆಯೇ ತೀರಿಕೊಂಡಿದ್ದನಾದ್ದರಿಂದ ಅವನ ಚಿತ್ರಗಳು ಹಲವು ವರ್ಷ ಹಿಂದಿನವು. ಪ್ರಕಟಣೆಯ ವರ್ಷವನ್ನೇ ಚಿತ್ರದ ವರ್ಷವೆಂದು ಹಿಡಿದರೆ ಕಟ್ಟಡದ ಸ್ಥಿತಿಯನ್ನು ಕುರಿತ ತೀರ್ಮಾನವೇ ತಪ್ಪಾಗುತ್ತದೆ. ಎರಡನೆಯದು ಕರ್ತೃವಿನ ತೊಡಕು: ಮೂವರ ಕೆಲಸ ಒಂದೇ ಹೊದಿಕೆಯೊಳಗೆ ಬಂದಾಗ ಯಾವುದು ಯಾರದೆಂದು ಬಿಡಿಬಿಡಿಯಾಗಿ ನಿರ್ಣಯಿಸಬೇಕಾಗುತ್ತದೆ. ಮೂರನೆಯದು ಹೆಸರಿನ ತೊಡಕು. ಓಕ್ಲೀ ಬರೆದದ್ದು ‘ಹಳ್ಳಿಬೀಡ್’, ಫರ್ಗುಸನ್ ಬರೆದದ್ದು ‘ಹುಲ್ಲಬೀಡ್’. ಶಾಸನಗಳ ದೋರಸಮುದ್ರವೂ ಇದೇ. ಹೆಸರೊಂದನ್ನೇ ನಂಬಿ ಹುಡುಕುವವನಿಗೆ ಈ ಒಂದೇ ಊರು ಮೂರು ಊರುಗಳಾಗಿ ತೋರುತ್ತದೆ.

ಹೆಸರಿನ ತೊಡಕು ಎಷ್ಟು ದೂರ ಹೋಗಬಹುದೆಂಬುದಕ್ಕೆ ಹಳೇಬೀಡಿನ ಕೇದಾರೇಶ್ವರ ದೇವಾಲಯವೇ ನಿದರ್ಶನ. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಸುಮಾರು ೧೨೧೯ರಲ್ಲಿ ಕಟ್ಟಿದ ಈ ಗುಡಿಯ ಶಿಖರವು ಹತ್ತೊಂಬತ್ತನೆಯ ಶತಮಾನದ ನಡುವಣ ಕಾಲದವರೆಗೂ ನಿಂತಿತ್ತು. ಕಲ್ಲುಗಳ ಸಂದಿನಲ್ಲಿ ಬೇರುಬಿಟ್ಟ ಮರವೊಂದು ಅದನ್ನು ಸಡಿಲಿಸಿ ಕೆಡವಿತು. ಮುಂದೆ ಗುಡಿಯನ್ನು ದುರಸ್ತಿಗೊಳಿಸಿದರೂ ಶಿಖರ ಮತ್ತೆ ಏಳಲಿಲ್ಲ. ಆ ಶಿಖರದ ರೂಪವನ್ನು ತಿಳಿಯಲು ಇಂದು ನಮಗಿರುವ ಮುಖ್ಯ ಸಾಧನ ಬೀಳುವುದಕ್ಕೆ ಮುಂಚೆ ತೆಗೆದ ಛಾಯಾಚಿತ್ರ. ಅದರ ಆಧಾರದಿಂದ ಮಾಡಿದ ಚಿತ್ರವನ್ನು ಫರ್ಗುಸನ್ ೧೮೭೬ರ ತನ್ನ ಗ್ರಂಥದಲ್ಲಿ ಮುದ್ರಿಸಿದನು. ಆದರೆ ಅಲ್ಲಿ ಅವನು ಕೊಟ್ಟ ಹೆಸರು ಕೇದಾರೇಶ್ವರವಲ್ಲ, ‘ಕೈಟ್ ಈಶ್ವರ’. ಕೈಟಭೇಶ್ವರನ ಹೆಸರಿನ ಪ್ರಸಿದ್ಧ ದೇವಾಲಯವಿರುವುದು ದೂರದ ಕುಬಟೂರಿನಲ್ಲಿ. ಚಿತ್ರ ಉಳಿದರೂ ಅದರ ಹೆಸರು ತಪ್ಪಿದರೆ, ಹುಡುಕುವವನ ಪಾಲಿಗೆ ಆ ಚಿತ್ರ ಅರ್ಧ ನಷ್ಟವಾದಂತೆಯೇ ಸರಿ.

೩

ಈ ತೊಡಕುಗಳಿಗೆ ಪರಿಹಾರವನ್ನು ನಮ್ಮ ನಾಡಿನಲ್ಲಿಯೇ ಕಂಡುಕೊಂಡಿದ್ದರೆಂಬುದು ಗಮನಾರ್ಹ. ೧೮೮೫ರಲ್ಲಿ ಆರಂಭವಾದ ಮೈಸೂರು ಸಂಸ್ಥಾನದ ಪ್ರಾಕ್ತನಶಾಸ್ತ್ರ ಇಲಾಖೆಯಲ್ಲಿ ಬಿ. ಎಲ್. ರೈಸ್ ಅವರು ಶಾಸನಗಳಿಗೆ ತಾಲ್ಲೂಕಿನ ಹೆಸರಿನೊಡನೆ ಕ್ರಮಸಂಖ್ಯೆಯನ್ನು ಕೊಡುವ ಪದ್ಧತಿಯನ್ನು ಬಳಕೆಗೆ ತಂದರು. ಹಾಸನ ಜಿಲ್ಲೆಯ ಶಾಸನಗಳ ಸಂಪುಟವು ೧೯೦೨ರಲ್ಲಿ ಪ್ರಕಟವಾಯಿತು. ಅಂದಿನಿಂದ ‘ಬೇಲೂರು ಇಷ್ಟನೆಯ ಶಾಸನ’ ಎಂದರೆ ವಿದ್ವಾಂಸರಿಗೆ ಅದು ಯಾವುದೆಂದು ನಿಸ್ಸಂದೇಹವಾಗಿ ತಿಳಿಯುತ್ತ ಬಂದಿದೆ. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕೃತ ಸಂಪುಟಗಳನ್ನು ಹೊರತಂದಾಗ ಸಂಖ್ಯೆಗಳು ಬದಲಾದುವು. ಆದರೆ ಹಳೆಯ ಸಂಖ್ಯೆಗೂ ಹೊಸ ಸಂಖ್ಯೆಗೂ ಸಂಬಂಧ ಕಡಿಯದಂತೆ ನೋಡಿಕೊಂಡದ್ದರಿಂದ ನೂರು ವರ್ಷಗಳ ಉಲ್ಲೇಖಗಳು ನಿರುಪಯುಕ್ತವಾಗಲಿಲ್ಲ.

೧೯೦೬ರಿಂದ ೧೯೨೨ರವರೆಗೆ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರ ಕಾಲದಲ್ಲಿ ಛಾಯಾಚಿತ್ರವು ಸರ್ವೇಕ್ಷಣೆಯ ನಿಯತ ಅಂಗವಾಯಿತು. ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿ ದೇವಾಲಯಗಳನ್ನು ಕುರಿತ ಅವರ ಮೂರು ಪುಸ್ತಕಗಳು ೧೯೧೭–೧೯ರಲ್ಲಿ ಚಿತ್ರಫಲಕಗಳೊಡನೆ ಪ್ರಕಟವಾದುವು. ಅವುಗಳಿಗಿಂತ ನಮ್ಮ ಪ್ರಕೃತ ವಿಷಯಕ್ಕೆ ಉಪಯುಕ್ತವಾದುದು ಇಲಾಖೆಯ ವಾರ್ಷಿಕ ವರದಿಗಳ ಅನುಬಂಧ. ಆ ವರ್ಷ ತೆಗೆದ ಛಾಯಾಚಿತ್ರಗಳ ಪಟ್ಟಿಯನ್ನು ಅಲ್ಲಿ ಕೊಡುತ್ತಿದ್ದರು: ಕ್ರಮಸಂಖ್ಯೆ, ಫಲಕದ ಅಳತೆ, ಚಿತ್ರಿತವಾದ ವಸ್ತು, ಊರು, ಜಿಲ್ಲೆ. ಇಂದು ‘ಮೆಟಾಡೇಟಾ’ ಎಂದು ಕರೆಯುವ, ಚಿತ್ರವನ್ನು ಕುರಿತ ವಿವರಪಟ್ಟಿಯೆಂದರೆ ಇದೇ. ಪಟ್ಟಿಯು ಫಲಕದ ಪೆಟ್ಟಿಗೆಯೊಳಗೇ ಉಳಿಯದೆ ಅಚ್ಚಾಗಿ ಹಲವು ಗ್ರಂಥಾಲಯಗಳನ್ನು ಸೇರಿತೆಂಬುದು ಅದರ ದೊಡ್ಡ ಗುಣ. ಫಲಕವೊಂದು ಒಡೆದುಹೋದರೂ ಅಂತಹದೊಂದು ಇತ್ತೆಂಬುದಕ್ಕೆ ಸಾಕ್ಷಿ ಉಳಿಯಿತು.

೪

ಚಿತ್ರಕ್ಕೆ ಹೆಸರು ಬರೆದಿಡುವ ಈ ಶಿಸ್ತು ಹೊಯ್ಸಳ ಶಿಲ್ಪಿಗಳಿಗೂ ಅಪರಿಚಿತವಾಗಿರಲಿಲ್ಲ. ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳಿವೆ. ಮಲ್ಲಿತಮ್ಮನೆಂಬ ಶಿಲ್ಪಿಯ ರುಜು ೧೧೯೬ರ ಅಮೃತಾಪುರದಲ್ಲಿ, ೧೨೪೬ರ ನುಗ್ಗೇಹಳ್ಳಿಯಲ್ಲಿ, ಮುಂದೆ ಸೋಮನಾಥಪುರದಲ್ಲಿ ದೊರೆಯುತ್ತದೆ. ಅದು ಒಮ್ಮೆ ‘ಮಲ್ಲಿತಂಮ’ ಎಂದೂ ಒಮ್ಮೆ ‘ಮಲ್ಲಿ’ ಎಂದೂ, ಕೆಲವೆಡೆ ಬರಿಯ ‘ಮ’ ಎಂಬ ಒಂದೇ ಅಕ್ಷರವಾಗಿಯೂ ಕಾಣಿಸುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಮೃತಾಪುರದಿಂದ ಸೋಮನಾಥಪುರಕ್ಕೆ ಅರವತ್ತು ವರ್ಷಗಳಿಗೂ ಹೆಚ್ಚಿನ ಅಂತರವಿದೆ. ಇವನೆಲ್ಲ ಒಬ್ಬನೇ ಮಲ್ಲಿತಮ್ಮನೋ, ಅಥವಾ ಅದೇ ಹೆಸರಿನ ಇಬ್ಬರಿದ್ದರೋ? ಇದನ್ನು ವಿಚಾರಿಸಬೇಕಾದರೆ ರುಜುವಿನ ಅಕ್ಷರಗಳ ಮಾಟವನ್ನೂ ಅದರ ಮೇಲಣ ಶಿಲ್ಪದ ಆಭರಣ, ಬಳ್ಳಿ, ಕಿರೀಟಗಳ ಕೆತ್ತನೆಯನ್ನೂ ಎಲ್ಲ ದೇವಾಲಯಗಳಿಂದ ತಂದು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಕಲ್ಲುಗಳನ್ನು ಹಾಗೆ ಒಂದೆಡೆ ತರುವುದು ಅಸಾಧ್ಯ. ಚಿತ್ರಗಳಿಂದ ಮಾತ್ರ ಅದು ಸಾಧ್ಯ.

ಆದರೆ ಅದಕ್ಕೆ ಎರಡು ನಿಯಮಗಳುಂಟು. ಶಿಲ್ಪದ ಸೌಂದರ್ಯಕ್ಕೆ ಮನಸೋತು ಪೀಠವನ್ನು ಚೌಕಟ್ಟಿನಿಂದ ಹೊರಗೆ ಬಿಡಬಾರದು. ವಿವರಪಟ್ಟಿಯಲ್ಲಿ ಕಲ್ಲಿನ ಮೇಲೆ ಇರುವ ಪಾಠವನ್ನು ಒಂದು ಅಂಕಣದಲ್ಲಿಯೂ, ಅದರಿಂದ ನಾವು ಊಹಿಸಿದ ವ್ಯಕ್ತಿಯ ಹೆಸರನ್ನು ಇನ್ನೊಂದರಲ್ಲಿಯೂ ಬರೆಯಬೇಕು. ‘ಮ’ ಎಂದಿರುವೆಡೆ ನೇರವಾಗಿ ‘ಮಲ್ಲಿತಮ್ಮ’ ಎಂದು ತುಂಬಿದರೆ ಸಾಕ್ಷಿಯೂ ತೀರ್ಪೂ ಒಂದಾಗಿ, ಮುಂದೆ ಬರುವವನು ಪುನಃ ವಿಚಾರಿಸಲು ಆಸ್ಪದವಿಲ್ಲದಂತಾಗುತ್ತದೆ. ಬೇಕಾದಷ್ಟು ಅಂಕಣಗಳನ್ನು ನಾವೇ ಕಲ್ಪಿಸಿಕೊಳ್ಳಲು ಎಡೆಗೊಡದ ತಂತ್ರಾಂಶವು ಎಷ್ಟೇ ಸುಂದರವಾಗಿದ್ದರೂ ಸಂಶೋಧನೆಗೆ ಒದಗದು.

೫

ಇನ್ನು ತಂತ್ರಾಂಶಗಳ ಚರಿತ್ರೆ. ಅಂಕೀಯ ಚಿತ್ರದ ಕಡತದೊಳಗೆ ಮೂರು ಬಗೆಯ ವಿವರಗಳು ಅಡಗಿರಬಹುದು. ಕ್ಯಾಮೆರಾ ತಾನಾಗಿಯೇ ಬರೆಯುವ ದಿನ, ವೇಳೆ, ಮಸೂರ ಮುಂತಾದವುಗಳಿಗೆ ೧೯೯೫ರಲ್ಲಿ ಜಪಾನಿನಲ್ಲಿ ರೂಪುಗೊಂಡ ‘ಎಕ್ಸಿಫ್’ ಕ್ರಮವಿದೆ. ಶೀರ್ಷಿಕೆ, ಊರು, ಛಾಯಾಗ್ರಾಹಕರ ಹೆಸರುಗಳಿಗೆ ವಾರ್ತಾಸಂಸ್ಥೆಗಳು ನಿಗದಿಗೊಳಿಸಿದ ‘ಐಪಿಟಿಸಿ’ ಕ್ರಮವಿದೆ. ಇವೆರಡನ್ನೂ ಒಳಗೊಂಡು ಇನ್ನೂ ವಿಸ್ತಾರವಾದ ‘ಎಕ್ಸ್‌ಎಂಪಿ’ ಕ್ರಮವನ್ನು ಅಡೋಬಿ ಸಂಸ್ಥೆಯು ೨೦೦೧ರಲ್ಲಿ ಹೊರತಂದಿತು. ಅದು ೨೦೧೨ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು.

ಇಲ್ಲಿ ಪಿಗೂವಿನ ಕಾಲದ ತೊಡಕೇ ಹೊಸ ವೇಷದಲ್ಲಿ ಬರುತ್ತದೆ. ೧೮೬೬ರ ಸಂಪುಟದ ಹಾಳೆಯೊಂದನ್ನು ೨೦೧೨ರಲ್ಲಿ ಸ್ಕ್ಯಾನ್ ಮಾಡಿದರೆ ಕಡತದಲ್ಲಿ ಯಂತ್ರವು ಬರೆಯುವ ದಿನಾಂಕ ೨೦೧೨ರದು. ದಿನಾಂಕದ ಪ್ರಕಾರ ಜೋಡಿಸುವ ತಂತ್ರಾಂಶವು ಕೇದಾರೇಶ್ವರದ ಬಿದ್ದ ಶಿಖರವನ್ನು ಇಪ್ಪತ್ತೊಂದನೆಯ ಶತಮಾನದಲ್ಲಿ ಎತ್ತಿ ನಿಲ್ಲಿಸುತ್ತದೆ. ಆದುದರಿಂದ ಚಿತ್ರ ತೆಗೆದ ಕಾಲ, ಪ್ರಕಟವಾದ ಕಾಲ, ಪ್ರತಿ ಮಾಡಿದ ಕಾಲ ಎಂಬ ಮೂರನ್ನೂ ಬೇರೆಬೇರೆಯಾಗಿ ಬರೆಯಲು ಅವಕಾಶವಿರಬೇಕು. ‘ಸುಮಾರು’ ಎಂಬ ಮಾತಿಗೂ ಎಡೆಯಿರಬೇಕು.

ವಿವರಗಳನ್ನು ಎಲ್ಲಿ ಇಡುತ್ತವೆಂಬುದನ್ನು ನೋಡಿ ತಂತ್ರಾಂಶಗಳನ್ನು ಎರಡು ವರ್ಗವಾಗಿ ವಿಭಾಗಿಸಬಹುದು. ಕೆಲವು ಅವುಗಳನ್ನು ತಮ್ಮದೇ ಆದ ಸೂಚಿಯೊಳಗೆ ಮಾತ್ರ ಇಡುತ್ತವೆ. ಕೆಲವು ಚಿತ್ರದ ಕಡತದೊಳಗಾಗಲಿ ಅದರ ಪಕ್ಕದಲ್ಲಿರುವ ಸಣ್ಣ ಎಕ್ಸ್‌ಎಂಪಿ ಕಡತದಲ್ಲಾಗಲಿ ಬರೆದಿಡುತ್ತವೆ. ಈ ಭೇದದ ಮಹತ್ತ್ವ ತಿಳಿಯುವುದು ತಂತ್ರಾಂಶವು ನಿಂತುಹೋದಾಗ. ಗೂಗಲ್ ಸಂಸ್ಥೆಯು ೨೦೦೪ರಲ್ಲಿ ಕೊಂಡು ಉಚಿತವಾಗಿ ಹಂಚಿದ ಪಿಕಾಸಾ ೨೦೧೬ರಲ್ಲಿ ಕೊನೆಗೊಂಡಿತು. ಆ್ಯಪಲ್ ಸಂಸ್ಥೆಯು ೨೦೦೫ರಲ್ಲಿ ತಂದ ಅಪರ್ಚರ್ ಹತ್ತೇ ವರ್ಷಗಳಲ್ಲಿ ಮಾರಾಟದಿಂದ ಮರೆಯಾಯಿತು. ಅಡೋಬಿಯ ಲೈಟ್‌ರೂಮ್ ೨೦೦೭ರಲ್ಲಿ ಒಮ್ಮೆ ಕೊಂಡರೆ ಸ್ವಂತವಾಗುವ ವಸ್ತುವಾಗಿತ್ತು. ೨೦೧೭ರಿಂದೀಚೆಗೆ ಹೊಸ ಆವೃತ್ತಿಗಳು ಚಂದಾದಾರರಿಗೆ ಮಾತ್ರ ದೊರೆಯುತ್ತವೆ. ನರಸಿಂಹಾಚಾರ್ಯರ ಬೇಲೂರಿನ ಪುಸ್ತಕವನ್ನು ನೂರು ವರ್ಷಗಳ ಮೇಲೆಯೂ ತೆರೆದು ಓದುತ್ತೇವೆ. ಹತ್ತು ವರ್ಷ ಬಾಳುವ ತಂತ್ರಾಂಶದ ಕೈಗೆ ನೂರು ವರ್ಷ ಬಾಳಬೇಕಾದ ಪಟ್ಟಿಯನ್ನು ಒಪ್ಪಿಸುವಾಗ, ಅದನ್ನು ಹಿಂದಕ್ಕೆ ಪಡೆಯುವ ದಾರಿಯನ್ನು ಮೊದಲೇ ಅರಿತಿರಬೇಕು.

೬

ಕನ್ನಡದಲ್ಲಿ ವಿವರ ಬರೆಯುವವರಿಗೆ ಬೇರೆಯೇ ಒಂದು ಪರೀಕ್ಷೆಯಿದೆ. ಐಪಿಟಿಸಿಯ ಹಳೆಯ ಕ್ರಮದಲ್ಲಿ ಊರಿನ ಹೆಸರಿಗೆ ಮೀಸಲಾದ ಜಾಗ ೩೨ ಬೈಟುಗಳು. ಯೂನಿಕೋಡಿನ ಸಾಮಾನ್ಯ ರೂಪದಲ್ಲಿ ರೋಮನ್ ಅಕ್ಷರವೊಂದಕ್ಕೆ ಒಂದು ಬೈಟು ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ, ಅಂದರೆ ವ್ಯಂಜನ, ಸ್ವರಚಿಹ್ನೆ, ಹಲಂತ ಇವುಗಳಲ್ಲಿ ಒಂದೊಂದಕ್ಕೂ, ಮೂರು ಬೈಟುಗಳು ಬೇಕು. ‘ಬಿಕ್ಕೋಡು’ ಎಂಬಲ್ಲಿ ಎಂಟು ಸಂಕೇತಗಳಿರುವುದರಿಂದ ೨೪ ಬೈಟುಗಳಾಗಿ ಹಿಡಿಸುತ್ತದೆ. ‘ದೊಡ್ಡಗದ್ದವಳ್ಳಿ’ ಎಂಬಲ್ಲಿ ಹದಿನಾಲ್ಕು. ೪೨ ಬೈಟುಗಳಾಗುವುದರಿಂದ ಹಿಡಿಸದು. ಈ ಮಿತಿಯನ್ನು ಪಾಲಿಸುವ ತಂತ್ರಾಂಶದಲ್ಲಿ ಊರಿನ ಹೆಸರು ನಡುವೆಯೇ ತುಂಡಾಗುತ್ತದೆ. ಎಕ್ಸ್‌ಎಂಪಿ ಕ್ರಮದಲ್ಲಿ ಇಂತಹ ಮಿತಿಯಿಲ್ಲ.

ಬಿಕ್ಕೋಡು ಎಂಬ ಹೆಸರೇ ಇನ್ನೊಂದು ಪರೀಕ್ಷೆಯನ್ನೂ ಒಡ್ಡುತ್ತದೆ. ಅದರಲ್ಲಿರುವ ಓಕಾರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಎರಡನ್ನೂ ಸಮೀಕರಿಸಿ ನೋಡದ ತಂತ್ರಾಂಶದಲ್ಲಿ ಒಬ್ಬ ವಿದ್ಯಾರ್ಥಿ ಬರೆದ ಬಿಕ್ಕೋಡು ಇನ್ನೊಬ್ಬನ ಹುಡುಕಾಟಕ್ಕೆ ಸಿಕ್ಕದೆ ಹೋಗಬಹುದು. ಹಳೆಯ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಟಂಕಿಸಿದ ಶೀರ್ಷಿಕೆಗಳಂತೂ ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರುತ್ತವೆ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸಿಯೇ ಸಂಗ್ರಹಕ್ಕೆ ಸೇರಿಸಬೇಕು.

ಆರಿಸುವ ಮುನ್ನ ಮಾಡಬೇಕಾದ ಪರೀಕ್ಷೆಯು ಸರಳವಾದುದು. ಇಪ್ಪತ್ತು ಚಿತ್ರಗಳಿಗೆ ಕನ್ನಡದಲ್ಲಿ ಪೂರ್ಣ ವಿವರ ಬರೆದು, ಅವುಗಳನ್ನು ಬೇರೊಂದು ಗಣಕಯಂತ್ರಕ್ಕೆ ಒಯ್ದು, ಬೇರೊಂದು ತಂತ್ರಾಂಶದಲ್ಲಿ ತೆರೆಯಬೇಕು. ಬರೆದುದೆಲ್ಲವೂ ಒಂದು ಒತ್ತಕ್ಷರವೂ ಕೆಡದಂತೆ ಅಲ್ಲಿ ಓದಿಬಂದರೆ ಅದು ತೇರ್ಗಡೆಯಾಯಿತೆಂದು ತಿಳಿಯಬಹುದು.

೭

ಈ ತತ್ತ್ವಗಳನ್ನು ಒಂದು ಕ್ಷೇತ್ರಕ್ಕೆ ಅನ್ವಯಿಸಿ ನೋಡೋಣ. ಬಿಕ್ಕೋಡು ಬೇಲೂರಿನಿಂದ ಸಕಲೇಶಪುರದ ಕಡೆಗೆ ಹೋಗುವ ದಾರಿಯಲ್ಲಿರುವ ಹೋಬಳಿ ಕೇಂದ್ರ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅವುಗಳ ಚಿತ್ರಗಳಿಗೆ ಕೊರತೆಯಿಲ್ಲ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆಯು ೧೯೬೫ರಿಂದ ಕಟ್ಟುತ್ತ ಬಂದಿರುವ ಭಂಡಾರದಂತಹ ಸಂಗ್ರಹಗಳೂ ಉಂಟು. ಆದರೆ ಹಳ್ಳಿಗಳ ಕೆರೆಯ ಏರಿ, ಹೊಲದ ಬದು, ಕಾಫಿ ತೋಟದ ಬೇಲಿಗಳ ಪಕ್ಕದಲ್ಲಿ ನಿಂತ ವೀರಗಲ್ಲು, ಮಾಸ್ತಿಕಲ್ಲುಗಳಿಗೆ ಕಾವಲೂ ಇಲ್ಲ, ಪಟ್ಟಿಯೂ ಇಲ್ಲ. ಮಲೆನಾಡಿನ ಮಳೆಗೆ ಕಲ್ಲಿನ ಮೇಲೆ ಹಾವಸೆ ಬೆಳೆಯುತ್ತದೆ. ರಸ್ತೆ ಅಗಲವಾದಾಗ, ತೋಟ ಕೈಬದಲಾದಾಗ ಕಲ್ಲು ಜಾಗ ಬಿಡುತ್ತದೆ. ಪ್ರಸಿದ್ಧ ದೇವಾಲಯಕ್ಕಿಂತ ಇಂತಹ ಕಡೆಗಳಲ್ಲಿಯೇ ಛಾಯಾಚಿತ್ರವು ಏಕೈಕ ದಾಖಲೆಯಾಗುವ ಸಂಭವ ಹೆಚ್ಚು. ಮಳೆಗಾಲ ಕಳೆದ ಮೇಲೆ, ಬೆಳಗಿನ ಅಥವಾ ಸಂಜೆಯ ಓರೆಬೆಳಕಿನಲ್ಲಿ ಚಿತ್ರ ತೆಗೆಯುವುದು ಉತ್ತಮ. ಕಾಫಿ ತೋಟಗಳಲ್ಲಿ ಕಾಡಾನೆಗಳ ಸಂಚಾರವಿರುವುದರಿಂದ ಸ್ಥಳೀಯರನ್ನು ಕೇಳಿ ಹೊರಡುವುದು ಕ್ಷೇಮ.

ಒಂದು ಋತುವಿನಲ್ಲಿ ೨೦೦ ಕಲ್ಲುಗಳನ್ನು ನೋಡಿ, ಒಂದೊಂದಕ್ಕೆ ೧೨ ಚಿತ್ರಗಳನ್ನು ತೆಗೆದರೆಂದು ಇಟ್ಟುಕೊಳ್ಳೋಣ. ಒಟ್ಟು ೨,೪೦೦ ಚಿತ್ರಗಳು. ಒಂದು ಚಿತ್ರದ ಮೂಲ ಕಡತ ೩೦ ಮೆಗಾಬೈಟ್ ಎಂದರೆ ಎಲ್ಲ ಸೇರಿ ೭೨ ಗಿಗಾಬೈಟ್. ಮೂರು ಪ್ರತಿಗಳಿಗೆ ೨೧೬. ಇಷ್ಟು ಸಣ್ಣದೊಂದು ಹಾರ್ಡ್ ಡಿಸ್ಕಿನಲ್ಲಿ ಅಡಗುತ್ತದೆ. ನಿಜವಾದ ವೆಚ್ಚವಿರುವುದು ವಿವರ ಬರೆಯುವುದರಲ್ಲಿ. ಚಿತ್ರವೊಂದಕ್ಕೆ ಮೂರು ನಿಮಿಷವೆಂದರೆ ೧೨೦ ಗಂಟೆಗಳು, ದಿನಕ್ಕೆ ಆರು ಗಂಟೆಯಂತೆ ಇಪ್ಪತ್ತು ದಿನಗಳ ಕೆಲಸ. ಅದರ ಬದಲು ಕಲ್ಲಿಗೊಂದು ವಿವರವನ್ನು ಹತ್ತು ನಿಮಿಷದಲ್ಲಿ ಬರೆದು ಅದನ್ನು ಹನ್ನೆರಡು ಚಿತ್ರಗಳಿಗೂ ಒಮ್ಮೆಗೇ ಅಂಟಿಸುವ ಸೌಕರ್ಯವಿದ್ದರೆ ೩೩ ಗಂಟೆಗಳಿಗೆ ಮುಗಿಯುತ್ತದೆ. ಈ ಸೌಕರ್ಯವಿಲ್ಲದ ತಂತ್ರಾಂಶವನ್ನು ಕೈಗೊಂಡವರು ಅರ್ಧದಲ್ಲಿ ವಿವರ ಬರೆಯುವುದನ್ನೇ ಬಿಡುತ್ತಾರೆಂಬುದು ನಿಶ್ಚಯ.

ಊರುಗಳ ಹೆಸರು ಭೇದಕ್ಕೆ ಪರಿಹಾರವಾಗಿ ೨೦೧೧ರ ಜನಗಣತಿಯ ಗ್ರಾಮಸಂಖ್ಯೆಯನ್ನು ಹೆಸರಿನೊಡನೆ ಬರೆಯಬಹುದು. ಅದರ ಮುಂದೆ ಕಲ್ಲಿನ ಸಂಖ್ಯೆ, ಚಿತ್ರದ ಸಂಖ್ಯೆಗಳನ್ನು ಸೇರಿಸಿದರೆ ರೈಸ್ ಅವರ ಪದ್ಧತಿಯೇ ಮುಂದುವರಿದಂತಾಗುತ್ತದೆ. ಕಲ್ಲಿನ ಅಕ್ಷಾಂಶ ರೇಖಾಂಶಗಳನ್ನು ಕಡತದಲ್ಲಿ ಇಡುವುದು ಸಂಶೋಧನೆಗೆ ಅವಶ್ಯ. ಸಾರ್ವಜನಿಕರಿಗೆ ಕೊಡುವ ಪ್ರತಿಯಿಂದ ಅವನ್ನು ತೆಗೆದುಹಾಕುವುದು ಕಲ್ಲಿನ ಸುರಕ್ಷತೆಗೆ ಅವಶ್ಯ. ಕಾವಲಿಲ್ಲದ ಶಿಲ್ಪದ ನೆಲೆಯನ್ನು ಕಳ್ಳನಿಗೆ ಕರಾರುವಾಕ್ಕಾಗಿ ತಿಳಿಸಿಕೊಡುವ ಚಿತ್ರವು ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತು.

ಇವೆಲ್ಲವನ್ನೂ ತೂಗಿ ನೋಡಿದರೆ, ಎರಡು ಮೂರು ಮಂದಿಯ ವಿಭಾಗಕ್ಕೆ ಡಿಜಿಕ್ಯಾಮ್ ಎಂಬ ಮುಕ್ತ ತಂತ್ರಾಂಶವು ಉಚಿತವೂ ಸಾಕಷ್ಟೂ ಆಗಿದೆ. ವಿವರಗಳನ್ನು ಎಕ್ಸ್‌ಎಂಪಿ ಕ್ರಮದಲ್ಲಿ ಹೊರಗೆ ಬರೆದಿಡಬಲ್ಲದು. ಹಲವು ಕಾಲೇಜುಗಳು ಕೂಡಿ ಜಾಲದ ಮೂಲಕ ಒಂದೇ ಸಂಗ್ರಹವನ್ನು ಕಟ್ಟುವುದಾದರೆ ರಿಸೋರ್ಸ್‌ಸ್ಪೇಸ್‌ನಂತಹ ಮುಕ್ತ ವ್ಯವಸ್ಥೆ ಹೆಚ್ಚು ಯೋಗ್ಯ. ಆದರೆ ಅದನ್ನು ನಡೆಸಲು ತಿಳಿದವರೊಬ್ಬರು ಬೇಕು. ಚಿತ್ರಗಳ ಬೆಳಕು ಬಣ್ಣಗಳನ್ನು ತಿದ್ದುವ ಕೆಲಸಕ್ಕೆ ಲೈಟ್‌ರೂಮ್ ಬಹು ಸಮರ್ಥವಾದುದು. ಬಳಸುವವರು ವಿವರಗಳನ್ನು ಎಕ್ಸ್‌ಎಂಪಿಗೂ ಬರೆಯುವಂತೆ ಮೊದಲೇ ಆದೇಶಿಸಿರಬೇಕು. ಯಾವುದನ್ನು ಆರಿಸಿದರೂ ವರ್ಷಕ್ಕೊಮ್ಮೆ ಪೂರ್ಣ ಪಟ್ಟಿಯನ್ನು ಸರಳ ಕೋಷ್ಟಕವಾಗಿ ಹೊರತೆಗೆದು ಮುದ್ರಿಸಿ ಗ್ರಂಥಾಲಯದಲ್ಲಿ ಇಡಬೇಕು; ಚಿತ್ರಗಳ ಮೂರು ಪ್ರತಿಗಳಲ್ಲಿ ಒಂದು ಬೇರೆ ಊರಿನಲ್ಲಿರಬೇಕು; ಪ್ರತಿಗಳು ಮೂಲದಂತೆಯೇ ಇವೆಯೇ ಎಂದು ‘ಚೆಕ್‌ಸಮ್’ ವಿಧಾನದಿಂದ ಆಗಾಗ್ಗೆ ತಾಳೆ ನೋಡಬೇಕು.

೮

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯದ ಕಾಳಿಯ ಮೂರ್ತಿಯು ೨೦೨೦ರ ನವೆಂಬರಿನಲ್ಲಿ ಒಡೆದುಬಿದ್ದ ಸ್ಥಿತಿಯಲ್ಲಿ ಕಂಡುಬಂದಿತು. ಅದು ರಕ್ಷಿತ ಸ್ಮಾರಕ. ಅಂತಹ ಕಡೆಯಲ್ಲಿಯೇ ಹೀಗಾದರೆ ಬಿಕ್ಕೋಡಿನ ಸುತ್ತಣ ಬಯಲಿನ ಕಲ್ಲುಗಳ ಪಾಡನ್ನು ಹೇಳಬೇಕಾದುದಿಲ್ಲ. ಕಲ್ಲು ಒಡೆದ ದಿನ ಕೇಳಿಬರುವ ಮೊದಲ ಪ್ರಶ್ನೆ, ಅದು ಮೊದಲು ಹೇಗಿತ್ತೆಂಬುದು. ಅದಕ್ಕೆ ಉತ್ತರ ಕೊಡಬಲ್ಲ ಚಿತ್ರ ಎಲ್ಲೋ ಇದೆಯೆಂದು ಗೊತ್ತಿದ್ದರೆ ಸಾಲದು. ಯಾವ ದಿನದ್ದು, ಯಾವ ದಿಕ್ಕಿನಿಂದ ತೆಗೆದದ್ದು, ಯಾರು ತೆಗೆದದ್ದು ಎಂಬ ವಿವರದೊಡನೆ ಅದು ಕೂಡಲೇ ಕೈಗೆ ಸಿಕ್ಕಬೇಕು.

ಓಕ್ಲೀ ಪಿಗೂ ಮೊದಲಾದವರು ಚಿತ್ರವನ್ನು ಉಳಿಸಿದರು. ಮೈಸೂರಿನ ಇಲಾಖೆಯು ಚಿತ್ರದೊಡನೆ ಪಟ್ಟಿಯನ್ನೂ ಉಳಿಸಿತು. ಈ ಎರಡನೆಯ ಕ್ರಮವನ್ನು ಹೊಸ ಸಾಧನದಲ್ಲಿ ಮುಂದುವರಿಸುವುದೇ ಈಗಿನವರ ಕರ್ತವ್ಯ. ತಂತ್ರಾಂಶವನ್ನು ಒಬ್ಬ ಗುಮಾಸ್ತನಂತೆ ಭಾವಿಸುವುದು ಒಳ್ಳೆಯದು: ಅವನು ಚುರುಕಾಗಿರಬೇಕು, ಕನ್ನಡವನ್ನು ತಪ್ಪಿಲ್ಲದೆ ಬರೆಯಬೇಕು, ಎಲ್ಲಕ್ಕಿಂತ ಮಿಗಿಲಾಗಿ, ಕೆಲಸ ಬಿಟ್ಟು ಹೋಗುವ ದಿನ ಲೆಕ್ಕದ ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಇಟ್ಟು ಹೋಗುವವನಾಗಿರಬೇಕು. ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳು ತಮ್ಮ ತಮ್ಮ ಹೋಬಳಿಯೊಂದನ್ನು ಆರಿಸಿಕೊಂಡು, ವರ್ಷಕ್ಕೆ ಇನ್ನೂರು ಕಲ್ಲುಗಳನ್ನು ಈ ಕ್ರಮದಲ್ಲಿ ದಾಖಲಿಸಿದರೂ, ಹತ್ತು ವರ್ಷಗಳಲ್ಲಿ ಮುಂದಿನ ಸಂಶೋಧಕರಿಗೆ ಭದ್ರವಾದ ಆಧಾರವೊಂದು ಸಿದ್ಧವಾಗುತ್ತದೆ.